ಡಿಸೆಂಬರ್ 25 ಯಾರ ಲೆಕ್ಕ?

ಯೇಸುಸ್ವಾಮಿ ಹುಟ್ಟಿದ ತಾರೀಖು ಬೈಬಲಿನಲ್ಲಿ ಎಲ್ಲೂ ಇಲ್ಲ. ಮತ್ತಾಯ ಹೇಳಿಲ್ಲ, ಲೂಕ ಹೇಳಿಲ್ಲ. ಮಾರ್ಕ, ಯೋಹಾನರಂತೂ ಹುಟ್ಟಿದ ಕಥೆಯನ್ನೇ ಎತ್ತಿಲ್ಲ. ಈ ಮಾತು ಆಡಿದರೆ ನಮ್ಮ ರಾಯದುರ್ಗದ ಕಡೆಯ ಕ್ರೈಸ್ತ ಬಂಧುಗಳಲ್ಲಿ ಕೆಲವರು ಮುಖ ಸಿಂಡರಿಸುತ್ತಾರೆ. ನಾನು ಹೊರಗಿನವನಲ್ಲ, ಅದೇ ಮಂದಿಯವನೇ. ಮನೆಯಲ್ಲಿ ಓದುವುದು ಕನ್ನಡ ಬೈಬಲ್, ಚರ್ಚಿನಲ್ಲಿ ಪ್ರಾರ್ಥನೆ ತೆಲುಗು. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದ ತಾಲ್ಲೂಕಿನವರ ಪಾಡೇ ಹೀಗೆ, ದೇವರ ಹತ್ತಿರವೂ ಎರಡು ಭಾಷೆ.

ಈಗ ಇದನ್ನು ಯಾಕೆ ಎತ್ತಿದೆ ಎಂದರೆ, ಈ ಒಂದು ತಾರೀಖಿನಿಂದ ನಮ್ಮ ಕೇರಿಗಳಲ್ಲಿ ಎರಡು ತರದ ತಾಪತ್ರಯ ನಡೆದಿದೆ. ಒಂದು ಸಾಲದ್ದು. ಮಳೆ ಕೈಕೊಟ್ಟು ಶೇಂಗಾ ಹೋದ ವರ್ಷವೂ ಡಿಸೆಂಬರ್ ಬಂದೇ ಬರುತ್ತದೆ. ಮಕ್ಕಳಿಗೆ ಹೊಸ ಬಟ್ಟೆ, ಮನೆಗೆ ಸುಣ್ಣ ಬಣ್ಣ, ಬಾಗಿಲಿಗೆ ನಕ್ಷತ್ರ, ನೆಂಟರಿಗೆ ಮಾಂಸದೂಟ. ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತಂದು ಮಾಡುವವರನ್ನು ಕಂಡಿದ್ದೇನೆ. ಆ ಬಡ್ಡಿ ಮುಂದಿನ ಬಿತ್ತನೆಯವರೆಗೂ ಬೆನ್ನು ಬಿಡುವುದಿಲ್ಲ. ಇನ್ನೊಂದು ಮನಸ್ತಾಪದ್ದು. ಕೆಲವು ಸಭೆಗಳವರು ಕ್ರಿಸ್ಮಸ್ ಅನ್ಯರ ಹಬ್ಬ, ಮಾಡಬಾರದು ಎನ್ನುತ್ತಾರೆ. ಅಲ್ಲಿಗೆ ಹೋದ ತಮ್ಮ ಆವತ್ತು ಅಣ್ಣನ ಮನೆಯ ಪಾಯಸ ಮುಟ್ಟುವುದಿಲ್ಲ. ಅಣ್ಣ ಅದನ್ನು ಮರೆಯುವುದಿಲ್ಲ. ನಮ್ಮ ಸಂಬಂಧಿಕರ ಹುಡುಗನೊಬ್ಬ ಬೈಬಲ್ ಹಿಡಿದುಕೊಂಡೇ ಬಂದ. "ದೊಡ್ಡಪ್ಪಾ, ಇದರಲ್ಲಿ ಡಿಸೆಂಬರ್ ಎಲ್ಲಿದೆ ತೋರಿಸು" ಅಂದ. ಇಲ್ಲ ಕಣಪ್ಪಾ, ಎಲ್ಲಿಂದ ತೋರಿಸಲಿ?

ಹಾಗಾದರೆ ಎಲ್ಲಿಂದ ಬಂತು? ಕ್ರಿ.ಶ. 354ರಲ್ಲಿ ರೋಮಿನಲ್ಲಿ ಸಿದ್ಧವಾದ ಒಂದು ಪಂಚಾಂಗದಲ್ಲಿ ಡಿಸೆಂಬರ್ 25 ಕಾಣಿಸುತ್ತದೆ. ಅದರೊಳಗಿನ ಆ ಪಟ್ಟಿ 336ರದು ಎನ್ನುತ್ತಾರೆ. ಅಂದರೆ ಸ್ವಾಮಿ ಬದುಕಿದ್ದ ಕಾಲಕ್ಕೂ ಇದಕ್ಕೂ ಮುನ್ನೂರು ವರ್ಷದ ಅಂತರ. ರೋಮಿನವರ ಸೂರ್ಯದೇವರ ದಿನವನ್ನೇ ಸಭೆ ತನ್ನದು ಮಾಡಿಕೊಂಡಿತು ಎಂಬುದು ಒಂದು ವಾದ. ಮರಿಯಮ್ಮ ಗರ್ಭಧರಿಸಿದ್ದು ಮಾರ್ಚ್ 25 ಎಂದು ಹಿಡಿದು ಒಂಬತ್ತು ತಿಂಗಳು ಎಣಿಸಿದರು ಎಂಬುದು ಇನ್ನೊಂದು. ಪಂಡಿತರ ಆ ಜಗಳ ಇನ್ನೂ ಮುಗಿದಿಲ್ಲ. ರೋಮಿನ ಹಳೆಯ ಲೆಕ್ಕದಲ್ಲಿ ಡಿಸೆಂಬರ್ 25 ಸೂರ್ಯ ಉತ್ತರಕ್ಕೆ ತಿರುಗುವ ದಿನ. ನಮ್ಮ ಸಂಕ್ರಾಂತಿಗೂ ಅದೇ ಹೆಸರಲ್ಲವೇ? ಆದರೆ ಸೂರ್ಯ ನಿಜವಾಗಿ ತಿರುಗುವುದು ಡಿಸೆಂಬರ್ 21-22ಕ್ಕೆ. ಅವರ ಲೆಕ್ಕವೂ ಜಾರಿದೆ, ನಮ್ಮದೂ ಜಾರಿದೆ.

ಇನ್ನು ಆರ್ಮೇನಿಯಾದ ಸಭೆಗೆ ಜನವರಿ 6. ಹಳೆಯ ಕ್ಯಾಲೆಂಡರು ಬಿಡದ ರಷ್ಯಾದವರಿಗೆ ಜನವರಿ 7. ಉಕ್ರೇನಿನಲ್ಲಿ 2023ರಲ್ಲಿ ಕಾನೂನು ಮಾಡಿ ಸರ್ಕಾರಿ ರಜೆಯನ್ನು ಜನವರಿ 7ರಿಂದ ಡಿಸೆಂಬರ್ 25ಕ್ಕೆ ಸರಿಸಿದರು. ಕಾನೂನಿನಿಂದ ಸರಿಯುವ ದಿನಕ್ಕಾಗಿ ಅಣ್ಣತಮ್ಮ ಮಾತು ಬಿಡಬೇಕೇ?

ಆ ಹುಡುಗ ಇನ್ನೊಂದು ವಾದ ತಂದ. ಸ್ವಾಮಿ ಹುಟ್ಟಿದ ರಾತ್ರಿ ಕುರುಬರು ಹೊಲದಲ್ಲಿ ಕುರಿ ಕಾಯುತ್ತಿದ್ದರೆಂದು ಲೂಕ ಬರೆದಿದ್ದಾನೆ, ಬೇತ್ಲೆಹೇಮಿನಲ್ಲಿ ಡಿಸೆಂಬರ್ ಎಂದರೆ ಮಳೆ ಚಳಿಯ ಕಾಲ, ಕುರಿ ಹೊರಗೆ ಹೇಗಿದ್ದವು ಅಂತ. ಇದನ್ನು ನಾನು ಅಷ್ಟು ಸುಲಭಕ್ಕೆ ಒಪ್ಪಲಾರೆ. ನಮ್ಮ ಕಡೆ ಡಿಸೆಂಬರಿನ ಚಳಿಯಲ್ಲೇ ಕೊಯ್ದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ಮಂದೆ ತರುಬುತ್ತೇವೆ. ಕಂಬಳಿ ಹೊದ್ದು ಅಲ್ಲೇ ಮಲಗುವ ಕುರುಬಣ್ಣನಿಗೆ ಚಳಿ ದೊಡ್ಡದಲ್ಲ. ಕುರಿಯ ಸಾಕ್ಷಿಯಿಂದ ತಾರೀಖು ನಿಲ್ಲುವುದೂ ಇಲ್ಲ, ಬೀಳುವುದೂ ಇಲ್ಲ. ಗ್ರಂಥ ಸುಮ್ಮನಿದೆ, ಅಷ್ಟೇ ಸಾಕು. ಈಸ್ಟರಿನ ಮಾತು ಬೇರೆ, ಅದು ಯೆಹೂದ್ಯರ ಪಸ್ಕದ ಜೊತೆ ಬಂದದ್ದು, ನಮ್ಮ ಯುಗಾದಿಯ ಹಾಗೆ ಚಂದ್ರನನ್ನು ನೋಡಿ ನಡೆಯುತ್ತದೆ.

ಹಬ್ಬ ಬೇಡ ಎನ್ನುವವರು ಹೊಸಬರೇನಲ್ಲ. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ 1659ರಲ್ಲಿ ಕ್ರಿಸ್ಮಸ್ ಮಾಡಿದವರಿಗೆ ಐದು ಶಿಲಿಂಗ್ ದಂಡ ಎಂದು ಕಾನೂನು ಮಾಡಿದರು. ಅದು 1681ರವರೆಗೂ ಇತ್ತು. ಮಾಡಿದವರು ನಾಸ್ತಿಕರಲ್ಲ, ಬೈಬಲನ್ನು ಅಕ್ಷರ ಬಿಡದೆ ಓದುವ ಕಟ್ಟಾ ಕ್ರೈಸ್ತರು. ಅವರ ಪ್ರಶ್ನೆ ಸರಿ, ದಂಡ ತಪ್ಪು. ಪೌಲನು ಗಲಾತ್ಯದವರಿಗೆ ಬರೆಯುತ್ತಾ, ದಿನ ತಿಂಗಳು ವರ್ಷಗಳನ್ನು ಹಿಡಿದು ಕೂತಿದ್ದೀರಲ್ಲಾ ಎಂದು ಗದರಿಸುತ್ತಾನೆ. ಅದೇ ಪೌಲ ರೋಮಿನವರಿಗೆ ಬರೆಯುವಾಗ, ದಿನವನ್ನು ಎಣಿಸುವವನೂ ಎಣಿಸದವನೂ ಒಬ್ಬರನ್ನೊಬ್ಬರು ಹೀಗಳೆಯಬೇಡಿ ಎನ್ನುತ್ತಾನೆ. ನಮ್ಮವರಲ್ಲಿ ಅಣ್ಣ ಎರಡನೆಯ ಕಾಗದ ಮಾತ್ರ ಓದುತ್ತಾನೆ, ತಮ್ಮ ಮೊದಲನೆಯದು ಮಾತ್ರ.

ನನ್ನ ಮನಸ್ಸಿಗೆ ನಾಟಿರುವುದು ಸಮಾರ್ಯದ ಹೆಂಗಸಿನ ಕಥೆ. ಯೆಹೂದ್ಯರು ಸಮಾರ್ಯದವರ ಪಾತ್ರೆ ಮುಟ್ಟದ ಕಾಲ. ಬಾವಿಯ ಹತ್ತಿರ ಸ್ವಾಮಿ ಅವಳಲ್ಲಿ ನೀರು ಕೇಳಿದರು. ಬಾವಿಯ ಮಾತು ಬಂದರೆ ನಮ್ಮ ಕೇರಿಯ ಮುದುಕರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಹೆಂಗಸು ಕೇಳಿದಳು, ದೇವರನ್ನು ಪೂಜಿಸುವುದು ನಮ್ಮ ಬೆಟ್ಟದಲ್ಲೋ ನಿಮ್ಮ ಯೆರೂಸಲೇಮಿನಲ್ಲೋ ಎಂದು. ಈ ಬೆಟ್ಟವೂ ಬೇಡ, ಯೆರೂಸಲೇಮೂ ಬೇಡ, ಆತ್ಮದಿಂದಲೂ ಸತ್ಯದಿಂದಲೂ ಪೂಜಿಸುವ ಕಾಲ ಬಂತು ಎಂಬ ಅರ್ಥದ ಉತ್ತರ ಬಂತು. ಜಾಗವೇ ಬೇಡ ಎಂದವರು ತಾರೀಖು ಕೇಳುತ್ತಾರೆಯೇ? ಮೂರು ರೂಪಾಯಿ ಬಡ್ಡಿಯ ಬಟ್ಟೆ ಕೇಳುತ್ತಾರೆಯೇ?

ಕವಿಗಳಿಗೆ ಇದು ಬೇಗ ಹೊಳೆದಿದೆ. ಅತ್ತ ಗಡಿಯ ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲ, ಆದರೂ 'ಗೊಲ್ಗೊಥಾ' ಬರೆದರು. ಅವರು ಆರಿಸಿಕೊಂಡದ್ದು ತೊಟ್ಟಿಲಿನ ದಿನವನ್ನಲ್ಲ, ಶಿಲುಬೆಯ ದಿನವನ್ನು. ತೆಲುಗಿನಲ್ಲಿ ಗುರ್ರಂ ಜಾಷುವಾ 'ಕ್ರೀಸ್ತು ಚರಿತ್ರ' ಬರೆದು 1964ರಲ್ಲಿ ಸಾಹಿತ್ಯ ಅಕಾಡೆಮಿ ಬಹುಮಾನ ಪಡೆದರು. ಅಸ್ಪೃಶ್ಯತೆಯ ಉರಿ ಉಂಡ ಆ ಕವಿಗೆ ಕ್ರಿಸ್ತನ ಕಥೆ ಬರೇ ಹಬ್ಬದ ಕಥೆಯಾಗಿರಲಿಲ್ಲ. ಎರಡು ಭಾಷೆಯೂ ಬರುವ ನಾವು ಈ ಇಬ್ಬರನ್ನೂ ಓದಬಹುದು, ಓದುವವರು ಕಡಿಮೆ.

ಕ್ರಿಸ್ಮಸ್ ಬಿಡಿ ಎಂದು ನಾನು ಹೇಳುತ್ತಿಲ್ಲ. ಮಾಡುವವರು ಸಾಲವಿಲ್ಲದೆ ಮಾಡಲಿ, ಒಂದು ಹಾಡು, ಒಂದು ದೀಪ, ಕೇರಿಯವರೆಲ್ಲ ಕೂಡಿ ಒಂದು ಊಟ. ಮಾಡದವರು ಬಂದು ಊಟವನ್ನಾದರೂ ಮಾಡಲಿ. ನಮ್ಮ ಚರ್ಚುಗಳಲ್ಲಿ ಸುಗ್ಗಿ ಹಬ್ಬ ಇದೆಯಲ್ಲ, ತೆಲುಗಿನವರು ಕೋತ ಪಂಡುಗ ಎನ್ನುವುದು, ಅದನ್ನು ನೋಡಿ. ಅದಕ್ಕೆ ಇಂಥದೇ ತಾರೀಖು ಎಂದಿಲ್ಲ. ಬೆಳೆ ಕೈಗೆ ಬಂದ ಮೇಲೆ ಆಯಾ ಊರಿನವರು ಕೂತು ಗೊತ್ತು ಮಾಡುತ್ತಾರೆ. ಒಬ್ಬ ಶೇಂಗಾ ಮೂಟೆ ತರುತ್ತಾನೆ, ಒಬ್ಬಳು ಕುಂಬಳಕಾಯಿ, ಏನೂ ಇಲ್ಲದ ಮುದುಕಿ ಒಂದು ಕೋಳಿಮೊಟ್ಟೆ. ಎಲ್ಲವನ್ನೂ ಹರಾಜು ಕೂಗುತ್ತಾರೆ, ಮೊಟ್ಟೆಗೆ ಮೂಟೆಗಿಂತ ಹೆಚ್ಚು ಕೂಗಿದ್ದೂ ಉಂಟು. ಆ ಹಬ್ಬಕ್ಕೆ ಬಡ್ಡಿ ದುಡ್ಡು ತಂದವರನ್ನು ನಾನಂತೂ ಕಂಡಿಲ್ಲ.