ಸಿಪಾಯಿಯ ಆರಡಿ ಮೂರಡಿ



"ಸತ್ತ ಮೇಲೆ ಬೇಕಾಗೋದು ಆರಡಿ ಮೂರಡಿ ಜಾಗ ತಾನೇ" ಅಂತ ನಾವೆಲ್ಲ ಎಷ್ಟು ಸಲೀಸಾಗಿ ಅಂದುಬಿಡುತ್ತೇವೆ! ಆ ಆರಡಿ ಮೂರಡಿಗಾಗಿ ಒಂದು ಜನಾಂಗದ ಸಿಪಾಯಿಗಳು ಯುದ್ಧ ಮುಗಿದ ಮೇಲೂ ನಲವತ್ತಕ್ಕೂ ಹೆಚ್ಚು ವರ್ಷ ಕಾಯಬೇಕಾಯಿತು. ಈ ಸಲ ಅವರ ವಿಷಯ ಹೇಳುತ್ತೇನೆ, ಕೇಳಿ.

ಅಮೆರಿಕದಲ್ಲಿ ಮಾಜಿ ಸೈನಿಕರಿಗೆಂದೇ ಸರ್ಕಾರದ ರಾಷ್ಟ್ರೀಯ ಸ್ಮಶಾನಗಳಿವೆ. ಅಲ್ಲಿ ಜಾಗಕ್ಕೆ ಕಾಸಿಲ್ಲ. ಗುಂಡಿ ತೋಡಿ ಮುಚ್ಚುವುದು, ಹೆಸರು ಕೆತ್ತಿದ ಕಲ್ಲು, ಮುಂದೆ ಎಂದೆಂದಿಗೂ ಸಮಾಧಿಯ ಆರೈಕೆ, ಎಲ್ಲವೂ ಸರ್ಕಾರದ ಲೆಕ್ಕದಲ್ಲೇ. ಶವಪೆಟ್ಟಿಗೆ ಮತ್ತು ಉತ್ತರಕ್ರಿಯೆಯ ಖರ್ಚು ಮಾತ್ರ ಮನೆಯವರದು.

"ಹಾಗಾದರೆ ಅಮೆರಿಕದ ಪರವಾಗಿ ಹೋರಾಡಿದ ಬೇರೆ ದೇಶದ ಸಿಪಾಯಿ, ಆಮೇಲೆ ಅಲ್ಲಿಗೇ ವಲಸೆ ಹೋಗಿ ಅಲ್ಲಿನ ಪ್ರಜೆಯಾದರೆ?" ಅಂತ ನೀವು ಕೇಳಬಹುದು. ತೊಡಕು ಇರೋದು ಇಲ್ಲೇ. ಮಿತ್ರರಾಷ್ಟ್ರದ ಸೈನ್ಯದಲ್ಲಿ ದುಡಿದವನಿಗೂ ಈ ಸ್ಮಶಾನದಲ್ಲಿ ಜಾಗ ಉಂಟು. ಆದರೆ ಅವನು ಸಾಯುವಾಗ ಮಾತ್ರವಲ್ಲ, ಆ ಸೈನ್ಯಕ್ಕೆ ಸೇರುವಾಗಲೇ ಅಮೆರಿಕದ ಪ್ರಜೆಯಾಗಿರಬೇಕು ಅನ್ನುತ್ತದೆ ಕಾನೂನು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಿಮಾನಪಡೆಗೆ ಸೇರಿದ ಅಮೆರಿಕದವನಿಗೆ ಜಾಗ ಸಿಗುತ್ತದೆ. ಅದೇ ಯುದ್ಧದಲ್ಲಿ ಹೋರಾಡಿ, ಆಮೇಲೆ ಅಮೆರಿಕಕ್ಕೆ ಬಂದು ಪ್ರಜೆಯಾದ ಪೋಲೆಂಡಿನ ಸಿಪಾಯಿಗೆ ಆ ಸೇವೆಯ ಲೆಕ್ಕದಲ್ಲಿ ಸಿಗುವುದಿಲ್ಲ!

ಈ ನಿಯಮದಿಂದ ಹೆಚ್ಚು ನೊಂದವರು ಲಾವೋಸ್ ದೇಶದ ಹ್ಮೋಂಗ್ ಜನ. ವಿಯೆಟ್ನಾಂ ಪಕ್ಕದ ಬೆಟ್ಟಗಳಲ್ಲಿ ಭತ್ತ, ಜೋಳ ಬೆಳೆದುಕೊಂಡಿದ್ದವರು. 1962ರ ಜಿನೀವಾ ಒಪ್ಪಂದದಂತೆ ಲಾವೋಸ್ ಯಾರ ಪಕ್ಷಕ್ಕೂ ಸೇರದ ದೇಶ. ಅಲ್ಲಿಗೆ ಬಹಿರಂಗವಾಗಿ ಸೈನ್ಯ ಕಳಿಸುವಂತಿಲ್ಲ. ಆದ್ದರಿಂದ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಈ ಬೆಟ್ಟದ ಹುಡುಗರ ಕೈಗೆ ಬಂದೂಕು ಕೊಟ್ಟಿತು. ಉರುಳಿಬಿದ್ದ ವಿಮಾನಗಳ ಪೈಲಟ್‌ಗಳನ್ನು ಕಾಡಿನಿಂದ ಹೊತ್ತು ತಂದವರು ಇವರು. ಮೀಸೆ ಚಿಗುರದ ಮಕ್ಕಳೂ ಇದರಲ್ಲಿ ಸತ್ತರು. 1975ರಲ್ಲಿ ಅಮೆರಿಕ ಕೈ ತೊಳೆದುಕೊಂಡಾಗ ಉಳಿದವರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮೆಕಾಂಗ್ ನದಿ ದಾಟಿದರು. ಥಾಯ್ಲೆಂಡಿನ ಶಿಬಿರಗಳಲ್ಲಿದ್ದು, ಕೊನೆಗೆ ಕ್ಯಾಲಿಫೋರ್ನಿಯಾ, ಮಿನ್ನೆಸೋಟ, ವಿಸ್ಕಾನ್ಸಿನ್ ಸೇರಿದರು.

ಪ್ರಜೆಗಳಾಗಲು ಇಂಗ್ಲಿಷ್ ಪರೀಕ್ಷೆ ಅಡ್ಡ ಬಂತು. ಅಕ್ಷರವೇ ಕಲಿಯದ ಮುದುಕರು ಏನು ಮಾಡಿಯಾರು? 2000ನೇ ಇಸವಿಯಲ್ಲಿ ಬಂದ ಒಂದು ಕಾನೂನು ಈ ಹೋರಾಟಗಾರರಿಗೆ, ಅವರ ಹೆಂಡತಿಯರಿಗೆ, ವಿಧವೆಯರಿಗೂ ಇಂಗ್ಲಿಷ್ ಬೇಡ ಅಂದಿತು. ಒಟ್ಟು 45,000 ಜನರ ಮಿತಿ. ಗುಟ್ಟಿನ ಯುದ್ಧ ನೋಡಿ, ಎಷ್ಟೋ ಜನರ ಹತ್ತಿರ ಕಾಗದಪತ್ರವೇ ಇಲ್ಲ. ಅಂಥವರಿಗೆ ಮೇಲಧಿಕಾರಿಯ ಪ್ರಮಾಣಪತ್ರ, ಇಲ್ಲವೇ ಜೊತೆಗೆ ಹೋರಾಡಿದ ಇಬ್ಬರ ಪ್ರಮಾಣಪತ್ರ ಸಾಕು ಅಂದರು.

ಪೌರತ್ವವೇನೋ ಸಿಕ್ಕಿತು, ಮಣ್ಣು ಸಿಗಲಿಲ್ಲ. ಅವರ ದಂಡನಾಯಕ ವಾಂಗ್ ಪಾವೋ 2011ರಲ್ಲಿ ತೀರಿಕೊಂಡಾಗ ಆರ್ಲಿಂಗ್ಟನ್ ಸ್ಮಶಾನದಲ್ಲಿ ಜಾಗ ಕೇಳಿದರು. ಕೊಡಲಿಲ್ಲ. ಕೊನೆಗೆ 23 ಮಾರ್ಚ್ 2018ರಂದು ಕಾನೂನು ಬದಲಾಯಿತು. ಲಾವೋಸಿನ ಈ ಪಡೆಗಳಲ್ಲಿ ಹೋರಾಡಿ, 2000ದ ಕಾನೂನಿನಂತೆ ಪ್ರಜೆಯಾಗಿ, ಅಮೆರಿಕದಲ್ಲೇ ನೆಲೆಸಿದವರಿಗೆ ರಾಷ್ಟ್ರೀಯ ಸ್ಮಶಾನದ ಬಾಗಿಲು ತೆರೆಯಿತು. ಆರ್ಲಿಂಗ್ಟನ್ ಮಾತ್ರ ಇದಕ್ಕೆ ಸೇರಲಿಲ್ಲ. ಇನ್ನೊಂದು ಮಾತು: ಆ ದಿನ ಅಥವಾ ಆಮೇಲೆ ತೀರಿಕೊಂಡವರಿಗಷ್ಟೇ ಈ ಹಕ್ಕು. ಹಿಂದಿನ ದಿನ ಕಣ್ಮುಚ್ಚಿದವನಿಗೆ ಇಲ್ಲ. ಎಷ್ಟೋ ಮುದುಕರು ಅಷ್ಟರಲ್ಲಿ ಹೋಗಿಬಿಟ್ಟಿದ್ದರು.

ಈ ಜನರ ಸಾವಿನ ಸಂಪ್ರದಾಯ ಕೇಳಿದರೆ ನಿಮ್ಮ ಮನಸ್ಸೂ ಕರಗೀತು. ಮಗು ಹುಟ್ಟಿದಾಗ ಅದರ ಮಾಸನ್ನು ಮನೆಯೊಳಗೇ ಹೂಳುತ್ತಾರೆ: ಗಂಡಾದರೆ ಮನೆಯ ಮುಖ್ಯ ಕಂಬದ ಬುಡದಲ್ಲಿ, ಹೆಣ್ಣಾದರೆ ತಂದೆತಾಯಿ ಮಲಗುವ ಮಂಚದ ಕೆಳಗೆ. ಅದೇ ಮಗುವಿನ ಮೊದಲ ಅಂಗಿ. ಸತ್ತಾಗ ಮೂರು ನಾಲ್ಕು ದಿನ ಡೋಲು, ಬಿದಿರು ಕೊಳವೆಯ ವಾದ್ಯ. ಜೀವಕ್ಕೆ ದಾರಿ ಹೇಳುವ ಹಾಡು ಹಾಡುತ್ತಾರೆ. ಸತ್ತವನು ಬಾಳಿದ ಊರುಗಳನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ದಾಟಿಸಿ, ಹುಟ್ಟಿದ ಮನೆಗೆ ಕರೆದೊಯ್ದು, ಆ ಅಂಗಿ ತೊಡಿಸಿ ಹಿರಿಯರ ಬಳಿಗೆ ಕಳಿಸುತ್ತಾರೆ.

"ಜೀವ ಲಾವೋಸಿಗೇ ಹೋಗುವುದಾದರೆ ಅಮೆರಿಕದ ಮಣ್ಣು ಯಾಕೆ?" ಅನ್ನುತ್ತೀರಾ? ಜೀವ ಹೋದರೂ ಮಕ್ಕಳು ಮೊಮ್ಮಕ್ಕಳು ಇರೋದು ಇಲ್ಲೇ ಅಲ್ಲವೇ? "ನಮ್ಮಜ್ಜ ಯಾರದೋ ದಯೆಯಿಂದ ಬಂದವನಲ್ಲ, ದುಡಿದು ಬಂದವನು" ಅಂತ ಅವರಿಗೆ ಹೇಳಲು ಆ ಹೆಸರಿನ ಕಲ್ಲಾದರೂ ಬೇಡವೇ?

ನಿಮ್ಮಲ್ಲಿ ಯಾರ ಮನೆಯವರಾದರೂ ನಮ್ಮ ಸೈನ್ಯದಲ್ಲಿದ್ದು ಬಂದಿದ್ದರೆ ನನ್ನದೊಂದು ಮಾತು ಕೇಳಿ. ಅವರ ಡಿಸ್ಚಾರ್ಜ್ ಪುಸ್ತಕ, ಪೆನ್ಶನ್ ಕಾಗದ ಎಲ್ಲಿವೆ ಅಂತ ಇವತ್ತೇ ಕೇಳಿ ತಿಳಿದುಕೊಳ್ಳಿ. ಅದರಲ್ಲಿ ನಿಮ್ಮ ಹೆಸರು, ಹುಟ್ಟಿದ ತಾರೀಖು ಸರಿಯಾಗಿವೆಯೇ ನೋಡಿ. ತಪ್ಪಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ವಿಚಾರಿಸಿ. "ಥೂ, ಅಪಶಕುನ" ಅಂತ ಮುಂದಕ್ಕೆ ಹಾಕಬೇಡಿ. ದುಡಿದವರು ಎದುರಿಗೆ ಇರುವಾಗಲೇ ಸರಿಮಾಡಿಸಿಕೊಳ್ಳುವುದು ಜಾಣತನ. ಏನಂತೀರಿ?