ಮೊಲಕ್ಕ ಲಿವರ್ ಟಾನಿಕ್ ಬ್ಯಾಡ್ರಿ, ಒಣ ಹುಲ್ಲು ಹಾಕ್ರಿ

ಈ ಸಲದ ಬರಹ ಉದ್ದ ಅದ, ಖಾರನೂ ಅದ. ಪೂರ್ತಿ ಓದ್ರಿ, ಆಮ್ಯಾಲ ಬೈಯೋದಿದ್ರ ಬೈರಿ.

ರಾಯಚೂರು ಸಿಟಿಯೊಳಗ ಮಕ್ಕಳ ಸಲುವಾಗಿ ಮೊಲ ಸಾಕೋರು ಅದಾರ. ದೇವದುರ್ಗ, ಮಾನ್ವಿ ಕಡೆ ಕುರಿ, ಕೋಳಿ ಜೋಡಿ ನಾಲ್ಕಾರು ಮೊಲ ಇಟ್ಟು ಮರಿ ಮಾರೋ ನಮ್ಮಂಥವರೂ ಅದೀವಿ. ಈಗ ಎಲ್ಲರ ಕೈಯಾಗೂ ಬಾಟ್ಲಿ. ಲಿವರ್‌ಗೆ ಒಂದು, ಕಿಡ್ನಿಗೆ ಇನ್ನೊಂದು. "ಗಿಡಮೂಲಿಕೆ ಅದ, ಏನೂ ಆಗಲ್ಲ, ಹಾಕ್ರಿ" ಅಂತ ಅಂಗಡಿಯವರು ಕೊಡ್ತಾರ, ನಾವು ತರ್ತೀವಿ. ನಾನು ಹೇಳೋದು ಒಂದೇ ಮಾತು. ಮೊಲದ ಲಿವರ್, ಕಿಡ್ನಿ ಕಾಯೋದು ಮೇವು, ನೀರು, ಒಣ ನೆಲ. ಬಾಟ್ಲಿ ಅಲ್ಲ.

ಮೊಲ ಆಡು-ಕುರಿ ಹಂಗಲ್ಲ. ಬ್ಯಾರೆ ಪ್ರಾಣಿಗೆ ಆಹಾರ ಆಗೋ ಜೀವ ಅದು, ಜಡ್ಡು ಬಂದ್ರೂ ತೋರಿಸಂಗಿಲ್ಲ. ವಾಂತಿ ಮಾಡಾಕ ಬರಂಗಿಲ್ಲ. ಹೊಟ್ಟಿ ಯಾವಾಗಲೂ ನಡೀತಿರಬೇಕು, ಅದಕ್ಕ ನಾರು ಬೇಕು. ಹಲ್ಲು ಸಾಯೋತನಕ ಬೆಳೀತಾವ, ಅವು ಸವೆಯೋದು ಹುಲ್ಲು ಕಡದಾಗ. ಮೊಲ ಮೇವು ಬಿಟ್ರ, ಅದರಾಗೂ ಕೊಬ್ಬಿದ ಮೊಲ ಬಿಟ್ರ, ಮೈಯಾಗಿನ ಕೊಬ್ಬು ಲಿವರ್‌ಗೆ ಹೋಗಿ ತುಂಬ್ತದ. ಅಂದ್ರ ಎಷ್ಟೋ ಸಲ ಲಿವರ್ ಕೆಟ್ಟಿದ್ದಕ್ಕ ಮೊಲ ಮೇವು ಬಿಟ್ಟಿರಂಗಿಲ್ಲ, ಮೇವು ಬಿಟ್ಟಿದ್ದಕ್ಕ ಲಿವರ್ ಕೆಟ್ಟಿರ್ತದ. ಮೇವು ಯಾಕ ಬಿಟ್ತು ಅಂತ ಹುಡುಕೋ ಬದಲು ಬಾಟ್ಲಿ ಹಾಕಿ ಎರಡು ದಿನ ಕಾದ್ರ ಕೆಲಸ ಮುಗೀತು.

ಇನ್ನು ಲಿವರ್ ಖರೇನೇ ಕೆಡೋದು ಎಲ್ಲಿಂದ? ನಮ್ಮ ಸೀಮ್ಯಾಗ ಮೂರು ದಾರಿ ಗಟ್ಟಿಯಾಗಿ ಅದಾವ.

ಒಂದು, ಕಾಕ್ಸಿಡಿಯಾ. ಕಣ್ಣಿಗೆ ಕಾಣದ ಜೀವಿ. ಇದರಾಗ ಒಂದು ಜಾತಿ ಮೊಲದ ಲಿವರ್‌ನಾಗೇ ಮನಿ ಮಾಡ್ತದ. ಸತ್ತ ಮರಿ ಕೊಯ್ದು ನೋಡಿದ್ರ ಲಿವರ್ ಮ್ಯಾಲ ಬಿಳಿ ಗಂಟು ಕಾಣ್ತಾವ. ಅದರ ತತ್ತಿ ಹಿಕ್ಕಿಯಾಗ ಹೊರಗ ಬೀಳ್ತದ, ಹಸಿ ನೆಲದಾಗ ಎರಡು-ಮೂರು ದಿನದಾಗ ಹಣ್ಣಾಗ್ತದ, ಮೇವಿನ ಜೋಡಿ ಮತ್ತ ಹೊಟ್ಟಿಗೆ ಹೋಗ್ತದ. ದಿನಾ ಹಿಕ್ಕಿ ತಗದು ನೆಲ ಒಣಗಿಸಿದ್ರ ಈ ಸುತ್ತು ಕಡೀತದ. ರೋಗ ಬಂದ ಮ್ಯಾಲ ಡಾಕ್ಟರ್ ಬರೆದ ಔಷಧನೇ ಬೇಕು. ಟಾನಿಕ್ ಕುಡಿಸಿದ್ರ ಆ ಜೀವಿ ಸಾಯಂಗಿಲ್ಲ.

ಎರಡು, ಬೂಷ್ಟು ಹಿಡಿದ ಶೇಂಗಾ ಹಿಂಡಿ, ಶೇಂಗಾ ಹೊಟ್ಟು. ಆ ಬೂಷ್ಟಿನಾಗ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರ್ತದ, ನೇರ ಲಿವರ್‌ಗೆ ಹೊಡೀತದ. 1960ರಾಗ ಇಂಗ್ಲೆಂಡಿನಾಗ 1 ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಸತ್ತಾಗಲೇ ಈ ವಿಷ ಜಗತ್ತಿಗೆ ಗೊತ್ತಾಗಿದ್ದು. ಕಾರಣ ಕೆಟ್ಟ ಶೇಂಗಾ ಹಿಂಡಿ. ಮೊಲಕ್ಕ ಈ ವಿಷ ಸ್ವಲ್ಪ ಆದ್ರೂ ತಡಿಯಂಗಿಲ್ಲ. ಕುದಿಸಿದ್ರೂ ಇದು ಹೋಗಂಗಿಲ್ಲ. ಮಳಿಗೆ ತೊಯ್ದ ಹೊಟ್ಟು "ದನ ತಿಂತಾವ, ಮೊಲನೂ ತಿನ್ಲಿ" ಅಂತ ಹಾಕಿ, ಸಂಜಿಗೆ ಲಿವರ್ ಟಾನಿಕ್ ಕುಡಿಸೋದು ಯಾವ ಶಾಣ್ಯಾತನ?

ಮೂರು, ಕಾಲುವೆ ದಂಡಿ ಹುಲ್ಲು. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ, ದೇವದುರ್ಗ ಕಡೆ ನಾರಾಯಣಪುರ ಬಲದಂಡೆ. ಕಾಲುವೆ, ಭತ್ತದ ಗದ್ದಿಯಾಗ ಬಸವನಹುಳ ಇರ್ತಾವ. ಕುರಿ ಲಿವರ್ ತಿನ್ನೋ ಚಪ್ಪಟಿ ಹುಳ ಅವುಗಳಿಂದ ಹುಲ್ಲಿಗೆ ಅಂಟಿಕೊಳ್ತದ. ಅದು ಮೊಲಕ್ಕೂ ಬರ್ತದ. ಗದ್ದಿ ಬದುವಿನ ಹಸಿ ಹುಲ್ಲು ಬಿಟ್ಟು, ಎತ್ತರದ ಹೊಲದ ಕರಕಿ ಕೊಯ್ದು ಬಿಸಿಲಿಗೆ ಚಂದಂಗ ಒಣಗಿಸಿ ಹಾಕ್ರಿ. ಔಷಧ ಹೊಡೆದ ಹತ್ತಿ, ಮೆಣಸಿನಕಾಯಿ ಹೊಲದ ಹುಲ್ಲು ಮಾತ್ರ ಮುಟ್ಟಬ್ಯಾಡ್ರಿ.

ಕಿಡ್ನಿ ಮಾತಿಗೆ ಬರೋಣ. ಮೊಲ ಹೆಚ್ಚಾದ ಕ್ಯಾಲ್ಸಿಯಂ ಉಚ್ಚಿಯಾಗ ಹೊರಗ ಹಾಕ್ತದ, ಅದಕ್ಕೇ ಉಚ್ಚಿ ಸುಣ್ಣದ ನೀರಿನಂಗ ಕಾಣ್ತದ. ಬೆಳೆದ ಮೊಲಕ್ಕ ದಿನಾ ಕುದುರೆ ಮಸಾಲೆ ಸೊಪ್ಪೇ ಹಾಕಿ ನೀರು ಕಮ್ಮಿ ಇಟ್ರ ಅದೇ ಉಸುಕು, ಕಲ್ಲು ಆಗ್ತದ. ಒಂದು ಕೆಜಿ ತೂಕಕ್ಕ ದಿನಕ್ಕ 50ರಿಂದ 150 ಎಂ.ಎಲ್. ನೀರು ಬೇಕು, ನಮ್ಮ ರಾಯಚೂರು ಬ್ಯಾಸಿಗ್ಯಾಗ ಇನ್ನೂ ಹೆಚ್ಚು. 40 ಡಿಗ್ರಿ ದಾಟೋ ಬಿಸಿಲಾಗ ತಗಡಿನ ಕೆಳಗ ಗೂಡು ಇಟ್ಟು ಕಿಡ್ನಿ ಟಾನಿಕ್ ಹಾಕೋರಿಗೆ ನಾನೇನು ಹೇಳ್ಲಿ? ನೆರಳು ಮಾಡ್ರಿ, ಹಸಿ ಗೋಣಿಚೀಲ ಕಟ್ರಿ, ಮಣ್ಣಿನ ತಟ್ಟ್ಯಾಗ ತಣ್ಣೀರು ಇಡ್ರಿ.

"ಹಂಗಾದ್ರ ನೆಲನೆಲ್ಲಿ, ನೆಲಬೇವು, ಪುನರ್ನವ ಎಲ್ಲಾ ಸುಳ್ಳಾ?" ಅಂತ ಕೇಳ್ತೀರಿ. ಸುಳ್ಳು ಅನ್ನಂಗಿಲ್ಲ. ನಮ್ಮ ಹಿರ್ಯಾರು ಕಾಮಣಿಗೆ ಕೊಟ್ಟ ಗಿಡ ಅವು. ಇಲಿ ಮ್ಯಾಲ ಪ್ರಯೋಗನೂ ಆಗ್ಯಾವ, ವಿಷ ಹಾಕಿ ಲಿವರ್ ಕೆಡಿಸಿ ಆಮ್ಯಾಲ ರಸ ಕೊಟ್ಟು ನೋಡ್ಯಾರ. ಆದ್ರ ಅದು ಇಲಿ. ಎರಡು ಕೆಜಿ ಮೊಲಕ್ಕ ಎಷ್ಟು ಹನಿ ಅಂತ ಆ ಬಾಟ್ಲಿ ಮ್ಯಾಲ ಬರ್ದದೇನು? ದನ, ಎಮ್ಮಿ, ಕುರಿ, ಕೋಳಿ ಅಂತ ಇರ್ತದ, ಮೊಲಕ್ಕ ಅಂದಾಜಿನ ಮ್ಯಾಲ ಹಾಕ್ತೀವಿ. ಸಿಹಿ ಪಾಕದ ಟಾನಿಕ್ ಇದ್ರ ಅದರ ಹೊಟ್ಟ್ಯಾಗಿನ ಒಳ್ಳೆ ಜೀವಾಣು ಕೆಡ್ತಾವ. ಆಸವ, ಅರಿಷ್ಟದಾಗ ಮದ್ಯದ ಅಂಶನೇ ಇರ್ತದ. ಇನ್ನು ಗಿಡ ಅಂದ್ರ ಏನೂ ಆಗಲ್ಲ ಅನ್ನೋ ಮಾತು ಬಿಡ್ರಿ. ಕಣಗಿಲಿ, ದತ್ತೂರಿನೂ ಗಿಡನೇ.

ಲೇಬಲ್ ಓದ್ರಿ. 1940ರ ಔಷಧ ಕಾಯ್ದ್ಯಾಗ ಪ್ರಾಣಿಗೆ ಕೊಡೋ ಆಯುರ್ವೇದ ಔಷಧನೂ ಸೇರ್ತದ, ಮಾರಾಕ ತಯಾರಿಸಬೇಕಂದ್ರ ಲೈಸೆನ್ಸ್ ಬೇಕು. ಬಾಟ್ಲಿ ಮ್ಯಾಲ "ಫೀಡ್ ಸಪ್ಲಿಮೆಂಟ್" ಅಂತ ಅಷ್ಟೇ ಇದ್ರ ಅದು ಔಷಧ ಅಲ್ಲ, ಮೇವಿನ ಜೋಡಿ ಕೊಡೋ ಪದಾರ್ಥ. ಬಾಯಾಗ "ರೋಗ ವಾಸಿ ಆಗ್ತದ" ಅಂದೋರಿಗೆ "ಇದನ್ನೇ ಬರ್ದು ಕೊಡ್ರಿ" ಅನ್ರಿ. ಕೊಡೋರು ಎಷ್ಟು ಮಂದಿ ನೋಡೋಣ.

ಮೊಲ 12 ತಾಸು ಮೇವು ಮುಟ್ಟಲಿಲ್ಲ, ಹಿಕ್ಕಿ ಹಾಕಲಿಲ್ಲ ಅಂದ್ರ ಟಾನಿಕ್ ಹುಡುಕಬ್ಯಾಡ್ರಿ. ತಾಜಾ ಹಿಕ್ಕಿ ಇದ್ರ ಒಂದು ಡಬ್ಬ್ಯಾಗ ಹಾಕ್ಕೊಂಡು ಪಶು ಆಸ್ಪತ್ರಿಗೆ ಹೋಗ್ರಿ, ಪರೀಕ್ಷೆ ಮಾಡಿಸ್ರಿ. ದೂರ ಇದ್ರ 1962ಕ್ಕ ಫೋನ್ ಹಚ್ಚಿ ಕೇಳ್ರಿ. ಮನ್ಯಾಗ ಉಳಿದ ಮನುಷ್ಯಾರ ಅಮಾಕ್ಸಿಸಿಲಿನ್ ಗುಳಿಗಿ ಮಾತ್ರ ಕುಡಿಸಬ್ಯಾಡ್ರಿ, ಅದರಿಂದನೇ ಮೊಲ ಸಾಯ್ತದ.

ಮರಿ ಒಯ್ಯೋರಿಗೆ ನಾನು ಬಾಟ್ಲಿ ಹೆಸರು ಹೇಳಂಗಿಲ್ಲ, ಒಂದು ಹೊರಿ ಒಣ ಕರಕಿ ಕೊಟ್ಟು ಕಳಿಸ್ತೀನಿ. ನೀವೂ ಹಂಗೇ ಮಾಡ್ರಿ. ನಾವು ಮಾರಿದ ಮರಿ ಸಿಟಿಯಾಗ ಯಾವುದೋ ಕೂಸಿನ ತೊಡಿ ಮ್ಯಾಲ ಬೆಳೀತಿರ್ತದ. ಅದು ಬದುಕೋದು ನಾವು ಕೊಟ್ಟ ಮಾತಿನ ಮ್ಯಾಲ.