ಅಪ್ಪನ ಕಾರಿಗೆ ಅಗಲ ಚಕ್ರ

ಕಾರ್ ಶೋ ಅಂದ್ರೆ ದುಡ್ಡಿದ್ದವರ ಶೋಕಿ ಅಂತ ನನ್ನ ಟೀಮಿನವರ ನಂಬಿಕೆ. ನಮ್ಮ ಕ್ಲಬ್ಬಿನ ವಾಟ್ಸಾಪ್ ಗ್ರೂಪ್ ಒಮ್ಮೆ ನೋಡಿದ್ರೆ ಆ ಭ್ರಮೆ ಹೋಗುತ್ತೆ. ಅರ್ಧಕ್ಕರ್ಧ ಜನ ಇಎಂಐ ಕಟ್ಟೋರು, ಜೆ.ಸಿ. ರಸ್ತೆಯಲ್ಲಿ ನೂರು ರೂಪಾಯಿಗೂ ಚೌಕಾಸಿ ಮಾಡಿ ಬಿಡಿಭಾಗ ತರೋರು.

ಈ ಸಲದ ಶೋಗೆ ನಮ್ಮಿಂದ ಆರು ಕಾರು ಹೋಗ್ತಿವೆ. ಎಲ್ಲರ ಕಣ್ಣು ಗೆಳೆಯನೊಬ್ಬನ ಮಾರುತಿ 800 ಮೇಲೆ. 1983ರ ಡಿಸೆಂಬರ್‌ನಲ್ಲಿ ರಸ್ತೆಗೆ ಬಂದು, 2014ರ ಜನವರಿಯಲ್ಲಿ ಉತ್ಪಾದನೆ ನಿಂತ ಮಾಡೆಲ್. 796 ಸಿಸಿ, ಮೂರೇ ಸಿಲಿಂಡರ್. ಇವನದ್ದು ಅಪ್ಪ ಕೊಂಡ ಕಾರು. ಅಪ್ಪ ಈಗಿಲ್ಲ. ಸಸ್ಪೆನ್ಷನ್ ತಗ್ಗಿಸು, ಅಗಲ ಚಕ್ರ ಹಾಕು, ಗುಡುಗೋ ಸೈಲೆನ್ಸರ್ ಕೂರಿಸು, ಬಿಳಿ ತೆಗೆದು ಕಿತ್ತಳೆ ಬಣ್ಣ ಹೊಡೆಸು ಅಂತ ಗ್ರೂಪಿನ ಹುಮ್ಮಸ್ಸು. ಅವನಮ್ಮ ಕೇಳಿದ್ದು ಒಂದೇ: "ಆಮೇಲೆ ಅದು ನಿಮ್ಮಪ್ಪನ ಕಾರು ಅಂತ ಗುರುತು ಸಿಗುತ್ತಾ?"

ಕಾನೂನು ಕೇಳೋದೂ ಹೆಚ್ಚುಕಮ್ಮಿ ಅದನ್ನೇ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರೋ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಬಣ್ಣ ಬದಲಿಸಬಹುದು, ಆದ್ರೆ ಆರ್‌ಟಿಒದಲ್ಲಿ ಆರ್‌ಸಿ ತಿದ್ದಿಸಬೇಕು. ವಿಮಾ ಕಂಪನಿಗೆ ಹೇಳದೆ ಏನಾದ್ರೂ ಬದಲಿಸಿದ್ರೆ, ಅಪಘಾತವಾದ ದಿನ ಕ್ಲೇಮ್ ಕೈಕೊಡಬಹುದು.

ನಾವು ಕೋಡ್ ಬರೆಯೋ ಜನ ರೋಲ್‌ಬ್ಯಾಕ್ ಪ್ಲಾನ್ ಇಲ್ಲದೆ ಏನನ್ನೂ ಪ್ರೊಡಕ್ಷನ್‌ಗೆ ಬಿಡಲ್ಲ. ಕಾರಿಗೂ ಅದೇ ನಿಯಮ ಇರಲಿ ಅಂದೆ. ವಾಪಸ್ ಹಾಕೋಕೆ ಆಗದ್ದನ್ನ ಮುಟ್ಟೋದೇ ಬೇಡ. ಎರಡು ದಿನ ಗ್ರೂಪಲ್ಲಿ ಜಗಳ, ಆಮೇಲೆ ಎಲ್ಲರೂ ಒಪ್ಪಿದರು. ಬಿಳಿ ಬಣ್ಣ ಉಳಿಯಿತು, ಪಾಲಿಶ್ ಮಾತ್ರ. ಸೈಲೆನ್ಸರ್ ಕಂಪನಿಯದ್ದೇ. ಬ್ರೇಕ್ ಪೂರ್ತಿ ಹೊಸದು, ಸೀಟಿಗೆ ಹೊಸ ಹೊದಿಕೆ, ಇಲಿ ಕಡಿದ ವೈರಿಂಗ್ ಎಲ್ಲಾ ಅಚ್ಚುಕಟ್ಟು. ಅಗಲ ಚಕ್ರಗಳು ನನ್ನ ಕಾರಿನ ಹಿಂದಿನ ಸೀಟಲ್ಲಿ ಕೂತು ಬರ್ತವೆ. ಮೈದಾನದಲ್ಲಿ ಹಾಕಿ, ಶೋ ಮುಗಿದ ಮೇಲೆ ಬಿಚ್ಚೋದು.

ಬಹುಮಾನ ಬರುತ್ತಾ? ಸೆಲ್ಫಿಗೆ ಬರೋ ಜನ ಕಿತ್ತಳೆ ಬಣ್ಣದ ಕಡೆಗೇ ಓಡ್ತಾರೆ, ಅದು ಗೊತ್ತಿದ್ದದ್ದೇ. ಆದ್ರೆ ಕೆಲಸ ಬಲ್ಲ ತೀರ್ಪುಗಾರ ಮೊದಲು ಬಾನೆಟ್ ಎತ್ತಿ ನೋಡ್ತಾನೆ.

ನೀವೂ ಗಾಡಿಗೆ ಕೈ ಹಾಕೋ ಯೋಚನೆಯಲ್ಲಿದ್ರೆ ಒಂದೇ ಮಾತು: ಮೊದಲು ಬ್ರೇಕು ಮತ್ತು ಪೇಪರು, ಆಮೇಲೆ ಶೋಕಿ. ಬಿಚ್ಚಿದ ಭಾಗ ಗುಜರಿಗೆ ಹಾಕಬೇಡಿ, ಅಟ್ಟದ ಮೇಲಿಡಿ.